ಗ್ಯಾರೇಜ್ ಕಟ್ಟೆ: ಎಂಜಿನ್ ಹೊಸದು, ಸೆಲ್ಫ್‌ಗೆ ಏದುಸಿರು

ಪ್ರಶ್ನೆ: ಮೇಸ್ತ್ರಿಗಳಿಗೆ ನಮಸ್ಕಾರ. ನಮ್ಮ ತಂದೆ 1986ರಲ್ಲಿ ಕೊಂಡ ಅಂಬಾಸಡರ್ ಇನ್ನೂ ಮನೆಯಲ್ಲಿದೆ. ಪೆಟ್ರೋಲ್ ಗಾಡಿ. ಹೊಗೆ ಜಾಸ್ತಿ ಆಯಿತೆಂದು ಎಂಜಿನ್ ಇಳಿಸಿ ಪೂರ್ತಿ ಕೆಲಸ ಮಾಡಿಸಿದೆ. ಬೋರಿಂಗ್ ಆಗಿದೆ, ಹೊಸ ಪಿಸ್ಟನ್, ರಿಂಗ್ ಹಾಕಿದ್ದಾರೆ. ಕ್ರಾಂಕ್ ಗ್ರೈಂಡ್ ಮಾಡಿಸಿ ಬೇರಿಂಗನ್ನೂ ಬದಲಾಯಿಸಿದ್ದಾರೆ. ಐದು ತಿಂಗಳು ಹಿಡಿಯಿತು. ಹಸಿರು ಬಣ್ಣ ಬಳಿದು ಕೂರಿಸಿದ್ದಾರೆ, ಬಾನೆಟ್ ಎತ್ತಿದರೆ ನೋಡೋಕೆ ಚೆಂದ. ಆದರೆ ಸೆಲ್ಫ್ ಹೊಡೆದರೆ ‘ಊಂ... ಊಂ... ಊಂ’ ಎಂದು ಏದುಸಿರು ಬಿಡುತ್ತದೆ, ಸ್ಟಾರ್ಟ್ ಆಗುವುದಿಲ್ಲ. ಬೇರೆ ಬ್ಯಾಟರಿ ತಂದು ಹಾಕಿದರೂ ಅಷ್ಟೇ. ಕೆಲಸ ಮಾಡಿದವರು ‘ಹೊಸ ಎಂಜಿನ್ ಟೈಟ್ ಇರುತ್ತೆ, ಜೀಪಿಗೆ ಕಟ್ಟಿ ಎಳೆಸಿ, ಸಾವಿರ ಕಿಲೋಮೀಟರ್ ಓಡಿದ ಮೇಲೆ ಫ್ರೀ ಆಗುತ್ತೆ’ ಎನ್ನುತ್ತಾರೆ. ಎಳೆಸಲೋ ಬೇಡವೋ? ಇನ್ನೊಂದು ವಿಷಯ, ಇದಕ್ಕೂ ಅದಕ್ಕೂ ಸಂಬಂಧ ಇದೆಯೋ ಇಲ್ಲವೋ ಗೊತ್ತಿಲ್ಲ. ನಾಲ್ಕೈದು ಸಲ ಸೆಲ್ಫ್ ಹೊಡೆದ ಮೇಲೆ ಚೋಕ್ ಎಳೆಯಲು ಹೋದರೆ ಗುಂಡಿ ಬೆಚ್ಚಗಿತ್ತು.
— ಕಾಫಿ ಬೆಳೆಗಾರರು, ಸಕಲೇಶಪುರ

ಉತ್ತರ: ಎಳೆಸಬೇಡಿ. ಉಳಿದದ್ದು ಆಮೇಲೆ.

ನಿಮ್ಮ ಪತ್ರದ ಕೊನೆಯ ಸಾಲನ್ನು ನಾನು ಮೂರು ಸಲ ಓದಿದೆ. ಸಂಬಂಧ ಇದೆಯೋ ಇಲ್ಲವೋ ಅಂತ ಬರೆದಿದ್ದೀರಿ. ಸ್ವಾಮಿ, ರೋಗ ಇರುವುದೇ ಆ ಸಾಲಿನಲ್ಲಿ. ಚೋಕ್ ವೈರ್‌ಗೆ ಬಿಸಿಯಾಗಲು ಯಾವ ಕಾರಣವೂ ಇಲ್ಲ. ಅದು ಕರೆಂಟ್ ಹರಿಯುವ ವೈರ್ ಅಲ್ಲವೇ ಅಲ್ಲ, ಸುಮ್ನೆ ಗುಂಡಿಯಿಂದ ಎಂಜಿನ್ ಮೇಲಿನ ಕಾರ್ಬುರೇಟರಿಗೆ ಹೋಗುವ ಒಂದು ಉಕ್ಕಿನ ತಂತಿ. ಅದು ಬೆಚ್ಚಗಾಗಿದೆ ಅಂದರೆ ಸೆಲ್ಫ್‌ಗೆ ಹೋಗುವ ಕರೆಂಟು ವಾಪಸ್ ಬ್ಯಾಟರಿಗೆ ಹೋಗಲು ದಾರಿ ಕಾಣದೆ ಅದರೊಳಗೆ ನುಗ್ಗಿದೆ.

ಹೇಗೆ ಅಂತ ಹೇಳುತ್ತೇನೆ. ಅಂಬಾಸಡರ್ ಎಂಜಿನ್ ಕೂತಿರುವುದು ರಬ್ಬರ್ ಮೌಂಟಿಂಗ್ ಮೇಲೆ. ಗೇರ್‌ಬಾಕ್ಸ್ ಕೂಡ ಹಾಗೇ. ರಬ್ಬರಿನಲ್ಲಿ ಕರೆಂಟು ಹರಿಯುವುದಿಲ್ಲ. ಅದಕ್ಕೇ ಎಂಜಿನ್‌ನಿಂದ ಬಾಡಿಗೆ ಜಡೆ ಹೆಣೆದ ಹಾಗಿರುವ ಒಂದು ತಾಮ್ರದ ಪಟ್ಟಿ ಹಾಕಿರುತ್ತಾರೆ. ಅದು ಅರ್ಥಿಂಗ್ ಪಟ್ಟಿ. ಎಂಜಿನ್ ಇಳಿಸುವಾಗ ಅದನ್ನು ಬಿಚ್ಚಲೇಬೇಕು. ವಾಪಸ್ ಹಾಕುವಾಗ ಎರಡು ತಪ್ಪು ಆಗುತ್ತವೆ. ಒಂದು, ಪೂರ್ತಿ ಮರೆತುಹೋಗುತ್ತದೆ. ಎರಡು, ಮರೆಯದೆ ಹಾಕುತ್ತಾರೆ, ಆದರೆ ಹೊಸ ಬಣ್ಣದ ಮೇಲೆಯೇ ಬೋಲ್ಟ್ ಬಿಗಿಯುತ್ತಾರೆ. ನಿಮ್ಮ ಎಂಜಿನ್ ನೋಡೋಕೆ ಚೆಂದ ಅಂದಿರಲ್ಲ, ಆ ಹಸಿರು ಬಣ್ಣವೇ ಈಗ ಕರೆಂಟಿಗೆ ಅಡ್ಡ ನಿಂತಿದೆ ಅಂತ ನನಗೆ ಅನುಮಾನ.

ಅನುಮಾನ ಸಾಲದು, ಅಳತೆ ಬೇಕು. ಅದಕ್ಕೇ ಪತ್ರ ಬಂದ ದಿನವೇ ಈ ಸಕಲೇಶಪುರದ ಬೆಳೆಗಾರರಿಗೆ ಫೋನ್ ಮಾಡಿ, ವೋಲ್ಟ್ ಅಳೆಯುವ, ಮುನ್ನೂರು ರೂಪಾಯಿಗೆ ಸಿಗುವ ಆ ಹಳದಿ ಮಲ್ಟಿಮೀಟರ್ ಒಂದನ್ನು ತರಿಸಿದೆ. ಬೇರೆ ಓದುಗರಿಗೂ ಉಪಯೋಗಕ್ಕೆ ಬರಲಿ ಅಂತ ಮಾಡಿಸಿದ್ದನ್ನೆಲ್ಲ ಬಿಡಿಸಿ ಬರೆಯುತ್ತೇನೆ.

ಮೊದಲು ಕಾಯಿಲ್‌ನಿಂದ ಡಿಸ್ಟ್ರಿಬ್ಯೂಟರ್‌ಗೆ ಬರುವ ಸಣ್ಣ ವೈರ್ ಕಿತ್ತಿಡಿ. ಸೆಲ್ಫ್ ಹೊಡೆದಾಗ ಎಂಜಿನ್ ಸ್ಟಾರ್ಟ್ ಆಗಬಾರದು. ಗೇರ್ ನ್ಯೂಟ್ರಲ್‌ನಲ್ಲಿರಲಿ, ಹ್ಯಾಂಡ್‌ಬ್ರೇಕ್ ಎಳೆದಿರಲಿ. ಮೀಟರನ್ನು 20 ವೋಲ್ಟ್ ಡಿ.ಸಿ.ಗೆ ತಿರುಗಿಸಿ. ಒಬ್ಬರು ಒಳಗೆ ಕೂತು ಸೆಲ್ಫ್ ಹೊಡೆಯಬೇಕು, ಇನ್ನೊಬ್ಬರು ಮೀಟರ್ ನೋಡಬೇಕು. ಒಂದು ಸಲಕ್ಕೆ ಐದು ಸೆಕೆಂಡ್ ಸಾಕು. ಆಮೇಲೆ ಒಂದು ನಿಮಿಷ ಬಿಡಿ, ಸೆಲ್ಫ್ ಸುಟ್ಟುಹೋದರೆ ಅದೊಂದು ಹೊಸ ಖರ್ಚು.

ಮೊದಲನೇ ಅಳತೆ ಬ್ಯಾಟರಿಯದ್ದು. ಕಡ್ಡಿಗಳನ್ನು ಬ್ಯಾಟರಿಯ ಎರಡು ಸೀಸದ ಗೂಟಗಳ ಮೇಲೇ ಒತ್ತಿ ಹಿಡಿಯಬೇಕು, ಕ್ಲಾಂಪ್ ಮೇಲಲ್ಲ. ಸುಮ್ಮನಿದ್ದಾಗ 12.6 ವೋಲ್ಟ್ ಇದ್ದರೆ ತುಂಬಿದ ಬ್ಯಾಟರಿ. ಸೆಲ್ಫ್ ಹೊಡೆಯುವಾಗ ಅದು ಇಳಿಯುತ್ತದೆ, ಇಳಿಯಲೇಬೇಕು. ಹತ್ತರ ಆಸುಪಾಸಿನಲ್ಲಿ ನಿಂತರೆ ಒಳ್ಳೆಯದು, ಒಂಬತ್ತೂವರೆಗಿಂತ ಕೆಳಗೆ ಹೋದರೆ ಯೋಚಿಸಬೇಕು.

ಇವರ ಗಾಡಿಯಲ್ಲಿ ಎಷ್ಟು ಬಂತು ಗೊತ್ತಾ? 11.3. ಇವರಿಗೆ ಖುಷಿ. ‘ಬ್ಯಾಟರಿ ಚೆನ್ನಾಗಿದೆ ಮೇಸ್ತ್ರಿಗಳೇ, ಹಾಗಾದರೆ ಎಂಜಿನ್ನೇ ಟೈಟ್ ಅಲ್ವಾ?’ ಅಂದರು. ಅಲ್ಲ! ಇಲ್ಲೇ ಎಷ್ಟೋ ಮೆಕ್ಯಾನಿಕ್‌ಗಳು ದಾರಿ ತಪ್ಪುವುದು. ಎಂಜಿನ್ ನಿಜವಾಗಿ ಟೈಟ್ ಇದ್ದರೆ ಸೆಲ್ಫ್ ಜಾಸ್ತಿ ಕರೆಂಟು ಎಳೆಯುತ್ತದೆ, ಬ್ಯಾಟರಿ ವೋಲ್ಟ್ ಧೊಪ್ಪೆಂದು ಬೀಳುತ್ತದೆ. ಸೆಲ್ಫ್ ಇಷ್ಟು ನಿಧಾನ ತಿರುಗುತ್ತಾ ಬ್ಯಾಟರಿ ಮಾತ್ರ 11.3ರಲ್ಲಿ ಆರಾಮಾಗಿ ನಿಂತಿದೆ ಅಂದರೆ, ಅದರಿಂದ ಬೇಕಾದಷ್ಟು ಕರೆಂಟು ಹೊರಗೆ ಹೋಗುತ್ತಿಲ್ಲ. ಗದ್ದೆಗೆ ನೀರು ಬರುತ್ತಿಲ್ಲ, ಕೆರೆ ತುಂಬಿದೆ. ಹಾಗಾದರೆ ಕಾಲುವೆ ಎಲ್ಲೋ ಕಟ್ಟಿದೆ.

ಎಲ್ಲಿ ಕಟ್ಟಿದೆ ಅಂತ ಹುಡುಕುವುದು ಎರಡನೇ ಅಳತೆ. ಮೀಟರಿನ ಒಂದು ಕಡ್ಡಿ ಬ್ಯಾಟರಿಯ ಪ್ಲಸ್ ಗೂಟಕ್ಕೆ, ಇನ್ನೊಂದು ಸೆಲ್ಫ್ ಮೋಟಾರಿನ ದಪ್ಪ ವೈರ್ ಬೋಲ್ಟಿಗೆ. ಸೆಲ್ಫ್ ಹೊಡೆದಾಗ ಮೀಟರ್ ತೋರಿಸುವುದು ಆ ದಾರಿಯಲ್ಲಿ ಕಳೆದುಹೋದ ವೋಲ್ಟ್. ಅರ್ಧ ವೋಲ್ಟಿನ ಒಳಗಿದ್ದರೆ ಪರವಾಗಿಲ್ಲ. ಇವರದ್ದು 0.3. ಪಾಸ್. ಮೂರನೇ ಅಳತೆ: ಒಂದು ಕಡ್ಡಿ ಬ್ಯಾಟರಿಯ ಮೈನಸ್ ಗೂಟಕ್ಕೆ, ಇನ್ನೊಂದು ಎಂಜಿನ್ ಮೇಲೆ ಬಣ್ಣ ಇಲ್ಲದ ಯಾವುದಾದರೂ ಬೋಲ್ಟಿಗೆ. ಇಲ್ಲಿ 0.2, 0.3ಕ್ಕಿಂತ ಮೇಲೆ ಹೋಗಬಾರದು. ಇವರದ್ದು 3.6!

ಕೂಡಿ ನೋಡಿ. ಬ್ಯಾಟರಿಯಿಂದ ಹೊರಟಿದ್ದು 11.3, ದಾರಿಯಲ್ಲಿ ಹೋದದ್ದು 3.9, ಸೆಲ್ಫ್‌ಗೆ ಸಿಕ್ಕಿದ್ದು 7.4. ಅಷ್ಟರಲ್ಲಿ ಅದು ಏದುಸಿರು ಬಿಡದೆ ಇನ್ನೇನು ಮಾಡೀತು?

‘ಆದರೆ ಪಟ್ಟಿ ಹಾಕಿದ್ದಾರೆ, ಮೀಟರ್ ಇಟ್ಟರೆ ಬೀಪ್ ಬರುತ್ತಿದೆ’ ಎಂದರು. ಆ ಬೀಪನ್ನು ನಂಬಬೇಡಿ. ಮೀಟರ್ ಬೀಪ್ ಮಾಡಲು ಒಂದು ಎಳೆ ತಾಮ್ರ ತಾಗಿದ್ದರೂ ಸಾಕು. ಸೆಲ್ಫ್ ಎಳೆಯುವುದು ನೂರು, ನೂರೈವತ್ತು ಆಂಪಿಯರ್. ಅಷ್ಟು ಕರೆಂಟಿಗೆ ಒಂದು ಓಮಿನ ನೂರನೇ ಎರಡು ಭಾಗ ತಡೆ ಇದ್ದರೂ ಎರಡು ಮೂರು ವೋಲ್ಟ್ ಅಲ್ಲೇ ಮುಗಿದುಹೋಗುತ್ತದೆ. ಇಷ್ಟು ಸಣ್ಣ ತಡೆಯನ್ನು ಆ ಹಳದಿ ಮೀಟರ್ ಓಮಿನಲ್ಲಿ ತೋರಿಸುವುದಿಲ್ಲ. ಸೆಲ್ಫ್ ಹೊಡೆಯುತ್ತಿರುವಾಗ ವೋಲ್ಟ್ ಅಳೆದರೆ ಮಾತ್ರ ಗೊತ್ತಾಗುವುದು.

ಖಾತ್ರಿ ಮಾಡಿಕೊಳ್ಳಲು ಒಂದು ಜಂಪರ್ ಕೇಬಲ್ ತೆಗೆದುಕೊಂಡು ಬ್ಯಾಟರಿಯ ಮೈನಸ್‌ನಿಂದ ನೇರ ಎಂಜಿನ್ ಬ್ಲಾಕಿಗೆ ಕಚ್ಚಿಸಲು ಹೇಳಿದೆ. ಫೋನನ್ನು ಬಾನೆಟ್ ಹತ್ತಿರ ಹಿಡಿದುಕೊಂಡಿದ್ದರು. ‘ಊಂ... ಊಂ’ ಹೋಗಿ ‘ಗರ್‌ರ್‌ರ್’ ಅಂತ ಒಂದೇ ಉಸಿರಿಗೆ ತಿರುಗಿತು. ಹಿಂದಿನಿಂದ ಯಾರೋ ಹೆಂಗಸು ‘ಸದ್ಯ’ ಅಂದದ್ದೂ ಕೇಳಿಸಿತು.

ಈಗ ಶಾಶ್ವತ ರಿಪೇರಿ. ಅರ್ಥಿಂಗ್ ಪಟ್ಟಿ ಬಿಚ್ಚಿ. ಎಂಜಿನ್ ಕಡೆ, ಬಾಡಿ ಕಡೆ, ಎರಡೂ ಜಾಗದಲ್ಲಿ ಎಂಟಾಣೆ ಅಗಲದಷ್ಟು ಬಣ್ಣ, ತುಕ್ಕು ಹೆರೆದು ಲೋಹ ಬೆಳ್ಳಗೆ ಕಾಣುವ ತನಕ ಎಮರಿ ಪೇಪರ್ ಉಜ್ಜಿ. ಪಟ್ಟಿಯ ಎಳೆಗಳು ಹಸಿರಾಗಿ ಪುಡಿಪುಡಿ ಆಗುತ್ತಿದ್ದರೆ ಹೊಸದೇ ಹಾಕಿ, ಅದರಲ್ಲಿ ಜಿಪುಣತನ ಬೇಡ. ಹಲ್ಲಿರುವ ಸ್ಟಾರ್ ವಾಷರ್ ಹಾಕಿ ಬಿಗಿದು, ಆಮೇಲೆ ಮೇಲಿನಿಂದ ಸ್ವಲ್ಪ ವ್ಯಾಸಲೀನ್ ಸವರಿ. ಮಲೆನಾಡಿನ ಮಳೆಗೆ ಇದು ಬೇಕೇ ಬೇಕು. ಬ್ಯಾಟರಿಯ ಮೈನಸ್ ಕೇಬಲ್ ಬಾಡಿಗೆ ಸೇರುವ ಜಾಗವನ್ನೂ ಹಾಗೇ ಮಾಡಿ. ಆ ಚೋಕ್ ವೈರನ್ನು ಒಮ್ಮೆ ಪೂರ್ತಿ ಎಳೆದು ನೋಡಿ. ಒಳಗಿನ ತಂತಿ ಸುಟ್ಟು ಹಿಡಿದುಕೊಂಡಿದ್ದರೆ ಬದಲಾಯಿಸಬೇಕು.

ಇಷ್ಟು ಖಚಿತವಾಗಿ ಹೇಗೆ ಹೇಳುತ್ತೀರಿ ಅಂತ ನೀವು ಕೇಳಬಹುದು. ನಾನೇ ಒಮ್ಮೆ ಈ ಹಳ್ಳಕ್ಕೆ ಬಿದ್ದವನು. ಗ್ಯಾರೇಜ್ ಹಾಕಿದ ಹೊಸತು. ಹೈಸ್ಕೂಲ್ ಮೇಷ್ಟ್ರೊಬ್ಬರ ಪ್ರೀಮಿಯರ್ ಪದ್ಮಿನಿ. ನನ್ನ ಕೈಯಾರೆ ಕಟ್ಟಿದ ಎಂಜಿನ್, ಸೆಲ್ಫ್ ಹೊಡೆದರೆ ಥೇಟ್ ನಿಮ್ಮದರ ಹಾಗೆ. ಬೇರಿಂಗ್ ಟೈಟ್ ಕೂತಿದೆ ಅಂತ ನಾನೇ ತೀರ್ಮಾನಿಸಿದೆ. ಎಂಜಿನ್ ಮತ್ತೆ ಇಳಿಸಿದೆ, ಎಂಜಿನ್ ಕೆಳಗಿನ ಆಯಿಲ್ ತೊಟ್ಟಿ, ಅಂದರೆ ಸಂಪ್ ಬಿಚ್ಚಿದೆ, ಒಂದೊಂದೇ ಬೇರಿಂಗ್ ಕ್ಯಾಪ್ ತೆಗೆದು ನೋಡಿದೆ. ಎಲ್ಲ ಬೆಣ್ಣೆ ಹಾಗೆ ಇದೆ. ಎರಡು ದಿನ ತಲೆ ಕೆರೆದುಕೊಂಡೆ. ಮೂರನೇ ದಿನ ಟೀ ಕೊಡಲು ಬಂದ ಹುಡುಗ ರ‍್ಯಾಕ್ ಮೇಲೆ ಲೋಟ ಇಡಲು ಜಾಗ ಮಾಡುತ್ತಾ, ‘ಅಣ್ಣ, ಈ ಜಡೆ ಯಾವುದರದ್ದು?’ ಅಂದ. ಪದ್ಮಿನಿಯ ಅರ್ಥಿಂಗ್ ಪಟ್ಟಿ, ಎಂಜಿನ್ ಇಳಿಸಿದ ದಿನದಿಂದ ಅಲ್ಲೇ ಮಲಗಿತ್ತು. ಗ್ಯಾಸ್ಕೆಟ್ ಸೆಟ್ಟಿನ ದುಡ್ಡು ನನ್ನ ಜೇಬಿನಿಂದ ಹೋಯಿತು. ಮೇಷ್ಟ್ರಿಗೆ ಮಾತ್ರ ನಿಜ ಹೇಳಲಿಲ್ಲ, ‘ಸ್ವಲ್ಪ ಅಡ್ಜಸ್ಟ್ ಮಾಡಿದೆ ಸಾರ್’ ಅಂದೆ.

ಆವತ್ತಿನಿಂದ ಒಂದು ಅಭ್ಯಾಸ. ಹೊಸದಾಗಿ ಕಟ್ಟಿದ ಎಂಜಿನ್ ನಿಧಾನ ತಿರುಗಿದರೆ ಎಂಜಿನ್ ಒಳಗೆ ಕೈ ಹಾಕುವ ಮುಂಚೆ, ಅದನ್ನು ಇಳಿಸುವಾಗ ಹೊರಗಡೆ ಏನೇನು ಬಿಚ್ಚಿದ್ದೆ ಅಂತ ನೋಡುತ್ತೇನೆ.

ಹಾಗಂತ ಹೊಸ ಎಂಜಿನ್ ಟೈಟ್ ಇರುವುದೇ ಇಲ್ಲ ಅನ್ನುತ್ತಿಲ್ಲ. ಇರುತ್ತದೆ. ಹೊಸ ರಿಂಗು, ಹೊಸ ಬೋರು, ಸ್ವಲ್ಪ ಬಿಗಿ ಸಹಜ. ಎಷ್ಟು ಬಿಗಿ ಸಹಜ, ಎಷ್ಟು ಅಪಾಯ ಅನ್ನುವುದೇ ಪ್ರಶ್ನೆ. ಅದಕ್ಕೂ ಅಳತೆ ಇದೆ. ನಾಲ್ಕೂ ಪ್ಲಗ್ ಬಿಚ್ಚಿ, ಕಂಪ್ರೆಷನ್, ಅಂದರೆ ಸಿಲಿಂಡರ್ ಒಳಗೆ ಒತ್ತಿದ ಗಾಳಿಯ ತಡೆ, ಲೆಕ್ಕಕ್ಕೆ ಬರಬಾರದು. ಕ್ರಾಂಕ್ ಪುಲ್ಲಿಯ ನಟ್ಟಿಗೆ ಸಾಕೆಟ್ ಹಾಕಿ ಒಂದಡಿ ಉದ್ದದ ಹಿಡಿ ಜೋಡಿಸಿ. ಹಿಡಿಯ ತುದಿಗೆ ಗುಜರಿಯವರ ಹತ್ತಿರ ಇರುವ ಕೊಕ್ಕೆ ತಕ್ಕಡಿ, ಅದೇ ಸ್ಪ್ರಿಂಗ್ ತಕ್ಕಡಿ, ಸಿಕ್ಕಿಸಿ. ಹಿಡಿಗೆ ನೇರ ಅಡ್ಡಲಾಗಿ ನಿಧಾನ ಎಳೆಯಿರಿ. ಮೊದಲ ಜರ್ಕ್ ಬಿಡಿ, ಎಂಜಿನ್ ತಿರುಗುತ್ತಿರುವಾಗ ಮುಳ್ಳು ಎಲ್ಲಿರುತ್ತದೆ ನೋಡಿ. ಈ ಅಳತೆಯ ಎಂಜಿನ್‌ಗೆ ನನ್ನ ಲೆಕ್ಕ ಹೀಗೆ: ಹತ್ತು ಕೆಜಿ ಒಳಗಿದ್ದರೆ ಧೈರ್ಯವಾಗಿ ಸ್ಟಾರ್ಟ್ ಮಾಡಬಹುದು. ಹದಿನೈದು ದಾಟಿದರೆ ಮುಂದೆ ಹೋಗಬೇಡಿ, ಸಂಪ್ ಬಿಚ್ಚಿಸಿ. ಇವರ ಗಾಡಿ ಎಂಟು ಕೆಜಿ ತೋರಿಸಿತು. ಕಟ್ಟಿದವನ ಕೈ ಚೆನ್ನಾಗಿದೆ. ಅವನು ತಪ್ಪಿದ್ದು ಎಂಜಿನ್ ಒಳಗಲ್ಲ, ಹೊರಗೆ.

ತಕ್ಕಡಿಯ ಮುಳ್ಳು ಇಡೀ ಸುತ್ತಿನಲ್ಲಿ ಒಂದೇ ಸಮ ಇದೆಯೋ, ಒಂದು ಜಾಗದಲ್ಲಿ ಮಾತ್ರ ಏರುತ್ತದೆಯೋ ಅದನ್ನೂ ಗಮನಿಸಿ. ಒಂದೇ ಕಡೆ ಬಿಗಿಯಾದರೆ ಕ್ರಾಂಕ್ ಬಾಗಿರಬಹುದು, ಅಥವಾ ಒಂದು ಕ್ಯಾಪ್ ಉಲ್ಟಾ ಕೂತಿರಬಹುದು, ಇಲ್ಲವೇ ಬೇರೆಯದರ ಜಾಗಕ್ಕೆ ಹೋಗಿರಬಹುದು. ಸುತ್ತಲೂ ಬಿಗಿ ಇದ್ದರೆ ಬೇರಿಂಗ್ ಸೈಜ್ ಕೇಳಿ. ಕ್ರಾಂಕನ್ನು ಹತ್ತು ಥೌ (ಒಂದು ಥೌ ಅಂದರೆ ಇಂಚಿನ ಸಾವಿರದ ಒಂದು ಭಾಗ) ಇಳಿಸಿ ಇಪ್ಪತ್ತು ಥೌ ಬೇರಿಂಗ್ ಹಾಕಿದವರನ್ನೂ ನೋಡಿದ್ದೇನೆ. ರಿಂಗಿನ ಬಾಯಿ, ಅಂದರೆ ಅದರ ಎರಡು ತುದಿಗಳ ನಡುವಿನ ಸಂದು, ಅಳೆಯದೆ ಹಾಕಿದ್ದರೂ ಕಷ್ಟ. ಅಂಬಾಸಡರಿನ 1489 ಸಿಸಿ ಎಂಜಿನ್ ಬೋರ್ 73 ಮಿಲಿಮೀಟರ್ ಚಿಲ್ಲರೆ, ಅದಕ್ಕೆ ಹತ್ತು ಥೌ ಆಸುಪಾಸು ಸಂದು ಬೇಕು. ಸಂದು ಇಲ್ಲದಿದ್ದರೆ ಎಂಜಿನ್ ಕಾದಾಗ ರಿಂಗ್ ತುದಿಗಳು ಒಂದಕ್ಕೊಂದು ಡಿಕ್ಕಿ ಹೊಡೆದು ಬೋರನ್ನೇ ಗೀರುತ್ತವೆ. ಇಂಥ ಎಂಜಿನನ್ನು ಜೀಪಿಗೆ ಕಟ್ಟಿ ಎಳೆದರೆ ಖಂಡಿತ ಫ್ರೀ ಆಗುತ್ತೆ. ಬೇರಿಂಗಿನ ಬಿಳಿ ಲೋಹ ಕಿತ್ತು ಫ್ರೀ ಆಗುತ್ತೆ! ಎಳೆಸಬೇಡಿ ಅಂದದ್ದು ಅದಕ್ಕೇ.

ಕ್ಲಚ್ ಒತ್ತಿ ಸೆಲ್ಫ್ ಹೊಡೆದಾಗ ಇನ್ನೂ ನಿಧಾನ ಆದರೆ ಅದು ಬೇರೆ ಕಥೆ. ಕ್ಲಚ್ ಒತ್ತಿದರೆ ಕ್ರಾಂಕ್ ಮುಂದಕ್ಕೆ ನೂಕಿಸಿಕೊಳ್ಳುತ್ತದೆ, ಆಗ ಕ್ರಾಂಕ್ ಹಿಂದೆ ಮುಂದೆ ಜಾರದಂತೆ ತಡೆಯುವ ಥ್ರಸ್ಟ್ ವಾಷರ್‌ನಲ್ಲಿ ಸಂದು ಸಾಲದಿದ್ದರೆ ಹಿಡಿಯುತ್ತದೆ.

ಸ್ಟಾರ್ಟ್ ಮಾಡುವ ಮುಂಚೆ ಪ್ಲಗ್ ಇಲ್ಲದೆ ಸೆಲ್ಫ್ ಹೊಡೆದು ಆಯಿಲ್ ಪ್ರೆಶರ್ ಬರಿಸಿ. ಹತ್ತು ಸೆಕೆಂಡ್ ಹೊಡೆದು ಒಂದು ನಿಮಿಷ ಬಿಟ್ಟು, ಮತ್ತೆ ಹತ್ತು ಸೆಕೆಂಡ್. ಐದು ತಿಂಗಳು ಬಿಚ್ಚಿ ಇಟ್ಟಿದ್ದ ಎಂಜಿನ್ ಅದು, ಬೇರಿಂಗಿಗೆ ಎಣ್ಣೆ ತಲುಪಿದ್ದು ಖಾತ್ರಿಯಾಗಲಿ. ಹ್ಯಾಂಡಲ್ ಹಾಕಿ ತಿರುಗಿಸುವ ಆಸೆ ಇದ್ದರೆ ಹೆಬ್ಬೆರಳನ್ನು ಉಳಿದ ಬೆರಳುಗಳ ಕಡೆಗೇ ಇಟ್ಟುಕೊಳ್ಳಿ, ಹಿಡಿಯನ್ನು ಸುತ್ತಿ ಹಿಡಿಯಬೇಡಿ. ಎಂಜಿನ್ ತಿರುಗಿ ಒದ್ದರೆ ಮಣಿಕಟ್ಟು ಮುರಿಯುತ್ತದೆ.

ಪ್ರಶ್ನೆ: ಎಂಜಿನ್ ಕೆಲಸ ಮಾಡಿಸಿದ ನನ್ನ ಹಳೇ ಮಾರುತಿ 800 ಬೆಳಿಗ್ಗೆ ಚೆನ್ನಾಗಿ ಸ್ಟಾರ್ಟ್ ಆಗುತ್ತದೆ. ಮಾರ್ಕೆಟ್‌ಗೆ ಹೋಗಿ ಹತ್ತು ನಿಮಿಷ ನಿಲ್ಲಿಸಿ ಬಂದರೆ ಸೆಲ್ಫ್ ತಡವರಿಸುತ್ತದೆ. ಒಂದೊಂದು ಸಲ ‘ಠಕ್’ ಎಂದು ಹಿಂದಕ್ಕೆ ಒದ್ದ ಹಾಗಾಗುತ್ತದೆ. ಅರ್ಥಿಂಗ್, ಕೇಬಲ್ ಎಲ್ಲ ನೋಡಿಸಿದ್ದೇನೆ.
— ಓದುಗರು, ಧಾರವಾಡ

ಉತ್ತರ: ಹಿಂದಕ್ಕೆ ಒದ್ದ ಹಾಗೆ ಅಂದಿರಲ್ಲ, ಟೈಮಿಂಗ್ ಮುಂದೆ ಹೋಗಿದೆ, ಅಂದರೆ ಕಿಡಿ ಬೇಗ ಬರುತ್ತಿದೆ. ಪಿಸ್ಟನ್ ಇನ್ನೂ ಮೇಲೆ ಬರುತ್ತಿರುವಾಗಲೇ ಬೆಂಕಿ ಹೊತ್ತಿಕೊಂಡು ಅದನ್ನು ಕೆಳಕ್ಕೆ ತಳ್ಳುತ್ತದೆ. ಸೆಲ್ಫ್ ಒಂದು ಕಡೆಗೆ ತಿರುಗಿಸಿದರೆ ಎಂಜಿನ್ ಇನ್ನೊಂದು ಕಡೆಗೆ ಎಳೆಯುತ್ತದೆ. ಎಂಜಿನ್ ಕೆಲಸದಲ್ಲಿ ಡಿಸ್ಟ್ರಿಬ್ಯೂಟರ್ ಬಿಚ್ಚಿ ಹಾಕಿರುತ್ತಾರೆ, ಅಂದಾಜಿನಲ್ಲಿ ಕೂರಿಸಿರುತ್ತಾರೆ. ಪರೀಕ್ಷೆ ಸುಲಭ. ಗಾಡಿ ಬಿಸಿ ಇದ್ದು ತಡವರಿಸುವಾಗಲೇ ಕಾಯಿಲ್ ವೈರ್ ಕಿತ್ತು ಸೆಲ್ಫ್ ಹೊಡೆಯಿರಿ. ಕಿಡಿ ಇಲ್ಲದಾಗ ಸಲೀಸಾಗಿ ತಿರುಗಿತಾ, ಟೈಮಿಂಗ್ ಲೈಟ್ ಹಾಕಿಸಿ ಸರಿ ಮಾಡಿಸಿ. ಆಗಲೂ ತಡವರಿಸಿತಾ, ಸೆಲ್ಫ್ ಬಿಚ್ಚಿಸಿ. ಬುಷ್ ಸವೆದು ಆರ್ಮೇಚರ್ (ಸೆಲ್ಫ್ ಮೋಟಾರಿನಲ್ಲಿ ತಿರುಗುವ ಭಾಗ) ಒಳಗಿನ ಗೋಡೆಗೆ ಉಜ್ಜುತ್ತಿರುತ್ತದೆ. ಆರ್ಮೇಚರ್ ಮೇಲೆ ಒಂದು ಕಡೆ ಕನ್ನಡಿ ಹಾಗೆ ಹೊಳೆಯುವ ಗೀರು ಕಂಡರೆ ಅದೇ. ಬಿಸಿಯಾದಾಗ ತಾಮ್ರದ ತಡೆಯೂ ಏರುತ್ತದೆ, ಹತ್ತು ಡಿಗ್ರಿಗೆ ಸುಮಾರು ಶೇ. 4. ಅದಕ್ಕೇ ಬೆಳಿಗ್ಗೆ ಮುಚ್ಚಿಹೋಗುವ ದೋಷ ಮಧ್ಯಾಹ್ನ ಹೊರಗೆ ಬರುತ್ತದೆ.

ಪ್ರಶ್ನೆ: ನಿಧಾನ ಅಂದರೆ ಎಷ್ಟು ನಿಧಾನ? ನನಗೆ ಸರಿಯಾಗಿಯೇ ತಿರುಗುತ್ತಿದೆ ಅನಿಸುತ್ತದೆ, ನಮ್ಮ ಭಾವ ಇಲ್ಲ ಅನ್ನುತ್ತಾರೆ.
— ಓದುಗರು, ತುಮಕೂರು

ಉತ್ತರ: ಕಿವಿಯಲ್ಲೇ ಎಣಿಸಿ. ನಾಲ್ಕು ಸಿಲಿಂಡರ್ ಎಂಜಿನ್ ಒಂದು ಸುತ್ತಿಗೆ ಎರಡು ಸಲ ‘ಊಂ’ ಅನ್ನುತ್ತದೆ. ನಿಮಿಷಕ್ಕೆ ಇನ್ನೂರು ಸುತ್ತು ತಿರುಗುತ್ತಿದ್ದರೆ ಸೆಕೆಂಡಿಗೆ ಆರೇಳು ‘ಊಂ’, ಎಣಿಸಲು ಸಾಧ್ಯವೇ ಇಲ್ಲ. ಬೆರಳು ಮಡಿಸುತ್ತಾ ಆರಾಮಾಗಿ ಎಣಿಸಲು ಆದರೆ ನಿಮ್ಮ ಭಾವ ಹೇಳಿದ್ದೇ ಸರಿ.

ಪ್ರಶ್ನೆ: ಲಾರಿಯ 24 ವೋಲ್ಟ್ ಕೊಟ್ಟು ಒಂದೇ ಸಲ ಸೆಲ್ಫ್ ಹೊಡೆದರೆ ಟೈಟ್ ಎಂಜಿನ್ ಬಿಡುತ್ತದಂತೆ, ಹೌದಾ?
— ಓದುಗರು, ರಾಣೆಬೆನ್ನೂರು

ಉತ್ತರ: ಎಂಜಿನ್ ಬಿಡುತ್ತೋ ಇಲ್ಲವೋ, ಫ್ಲೈವೀಲಿನ ಹಲ್ಲು ಬಿಡುತ್ತದೆ. ಲೈಟ್ ಆನ್ ಇದ್ದರೆ ಬಲ್ಬುಗಳು ಮೊದಲೇ ಹೋಗುತ್ತವೆ. ಬೇಡ.

ಪ್ರಶ್ನೆ: ಹೆಡ್ ಕೆಲಸ ಮಾಡಿಸಿ ಒಂದು ವಾರ ಆಯಿತು. ರಾತ್ರಿ ನಿಲ್ಲಿಸಿ ಬೆಳಿಗ್ಗೆ ಸೆಲ್ಫ್ ಹೊಡೆದರೆ ಅರ್ಧ ಸುತ್ತು ತಿರುಗಿ ಗೋಡೆಗೆ ಗುದ್ದಿದ ಹಾಗೆ ನಿಲ್ಲುತ್ತದೆ. ಎರಡು ಮೂರು ಸಲ ಹೊಡೆದ ಮೇಲೆ ತಿರುಗುತ್ತದೆ. ರೇಡಿಯೇಟರ್‌ಗೆ ದಿನಾ ಅರ್ಧ ಲೀಟರ್ ನೀರು ಬೇಕಾಗುತ್ತಿದೆ.
— ಓದುಗರು, ಚಿಕ್ಕಮಗಳೂರು

ಉತ್ತರ: ಈ ಸಂಚಿಕೆ ಕೈಗೆ ಬರುವ ತನಕ ಎಂಜಿನ್ ಉಳಿದಿರಲಿ ಅಂತ ಬೇಡಿಕೊಳ್ಳುತ್ತೇನೆ. ಇದು ನಿಧಾನ ತಿರುಗುವ ದೋಷ ಅಲ್ಲ. ರಾತ್ರಿ ಹೆಡ್ ಗ್ಯಾಸ್ಕೆಟ್ ಸಂದಿನಿಂದ ಸಿಲಿಂಡರ್ ಒಳಗೆ ನೀರು ಇಳಿಯುತ್ತಿದೆ. ಗಾಳಿಯನ್ನು ಒತ್ತಬಹುದು, ನೀರನ್ನು ಒತ್ತಲು ಆಗುವುದಿಲ್ಲ. ಪಿಸ್ಟನ್ ಮೇಲೆ ಬಂದು ನೀರಿಗೆ ಗುದ್ದಿ ನಿಲ್ಲುತ್ತಿದೆ. ಇನ್ನೊಮ್ಮೆ ಸೆಲ್ಫ್ ಹೊಡೆಯಬೇಡಿ, ತಳ್ಳಿಸಲೂ ಬೇಡಿ, ಕನೆಕ್ಟಿಂಗ್ ರಾಡ್ ಬಾಗುತ್ತದೆ. ಎಲ್ಲ ಪ್ಲಗ್ ಬಿಚ್ಚಿ, ಕಾಯಿಲ್ ವೈರ್ ಕಿತ್ತು, ಆಮೇಲೆ ಸೆಲ್ಫ್ ಹೊಡೆಸಿ. ಯಾವ ತೂತಿನಿಂದ ನೀರು ಚಿಮ್ಮಿತು ಅಂತ ಗುರುತು ಮಾಡಿಕೊಂಡು ಹೆಡ್ ಬಿಚ್ಚಲು ಹೇಳಿ. ನೋಡುವ ಆಸೆಯಲ್ಲಿ ಪ್ಲಗ್ ತೂತಿನ ಮುಂದೆ ಮುಖ ಇಡಬೇಡಿ, ನೀರು ಪಿಚಕಾರಿ ಹಾಗೆ ಬರುತ್ತದೆ.